ನಮ್ಮ ಮನೆಯ ರಾಗಿ ಬೀಜ ಈ ವರ್ಷಕ್ಕೇ ನಿಲ್ಲುವ ಹಾಗಿದೆ, ಹೇಗೆ ಉಳಿಸಿಕೊಳ್ಳಲಿ?

ತುರುವೇಕೆರೆ ಮಗ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮೂರು ತುರುವೇಕೆರೆ ತಾಲ್ಲೂಕು. ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ, ತಿಂಗಳಿಗೊಮ್ಮೆ ಊರಿಗೆ ಹೋಗುತ್ತೇನೆ. ಎರಡು ಎಕರೆ ಹೊಲ ಇದೆ, ಎಲ್ಲ ಮಳೆ ನಂಬಿಕೊಂಡಿರುವುದು. ಅದರಲ್ಲಿ ಒಂದು ಎಕರೆಗೆ ಅಪ್ಪ ಪ್ರತಿ ವರ್ಷ ಮನೆಯಲ್ಲೇ ಎತ್ತಿಟ್ಟ ರಾಗಿ ಬಿತ್ತುತ್ತಾ ಬಂದಿದ್ದಾರೆ. ಅದಕ್ಕೆ ಹೆಸರು ಅಂತ ಏನೂ ಇಲ್ಲ. ಮನೆ ರಾಗಿ ಅಂತೀವಿ, ಅಷ್ಟೇ. ಎದೆಯೆತ್ತರ ಬೆಳೆಯುತ್ತದೆ. ತೆನೆ ಮುಷ್ಟಿ ಕಟ್ಟಿದ ಹಾಗೆ ಒಳಕ್ಕೆ ಬಾಗಿರುತ್ತದೆ. ಹಿಟ್ಟು ನೀರು ಜಾಸ್ತಿ ಕುಡಿಯುತ್ತದೆ, ಬೆಳಿಗ್ಗೆ ತೊಳಸಿದ ಮುದ್ದೆ ಸಂಜೆಗೂ ಮೆತ್ತಗೇ ಇರುತ್ತದೆ. ಹುಲ್ಲನ್ನಂತೂ ಹಸುಗಳು ಒಂದು ಕಡ್ಡಿ ಬಿಡದೆ ತಿನ್ನುತ್ತವೆ.

ಈ ಸಲ ತೆನೆ ಬಲಿತ ಮೇಲೆ ಮಳೆ ಗಾಳಿ ಬಂದು ಇಡೀ ಹೊಲ ಮಲಗಿಬಿಟ್ಟಿತು. ಮಲಗಿದ ಪೈರಿಗೆ ಕಟಾವು ಯಂತ್ರದವರು ಬರಲ್ಲ ಅಂದರು. ಆಳು ಸಿಗಲಿಲ್ಲ. ಅಪ್ಪ ಅಮ್ಮ ಇಬ್ಬರೇ ಒಂಬತ್ತು ದಿನ ಕೂತು ಕೊಯ್ದರು. ಅಪ್ಪನಿಗೆ 68 ವರ್ಷ, ಮಂಡಿ ನೋವು ಬೇರೆ. "ಮುಂದಿನ ವರ್ಷ ಗಿಡ್ಡ ರಾಗಿ ಬಿತ್ತೀನಿ, ಇದು ಸಾಕು" ಅಂತ ಹೇಳಿಬಿಟ್ಟಿದ್ದಾರೆ. ಅವರು ಹೇಳೋದರಲ್ಲಿ ತಪ್ಪೇನೂ ಇಲ್ಲ. ಆದರೆ ಅಜ್ಜಿ ಆವತ್ತಿನಿಂದ ಮಾತೇ ಕಡಿಮೆ ಮಾಡಿದ್ದಾರೆ. ಅವರಿಗೆ 86.

ಈಗ ಕೊಯ್ದ ಪೈರನ್ನು ಕಂತೆ ಕಟ್ಟಿ ಮೆದೆ ಹಾಕಿದೆ. ಸಂಕ್ರಾಂತಿ ಕಳೆದ ಮೇಲೆ ಒಕ್ಕಣೆ. ಅಷ್ಟರೊಳಗೆ ನಾನು ಏನು ಮಾಡಬೇಕು ಅಂತ ದಯವಿಟ್ಟು ಹೇಳಿ. ಒಂದೆರಡು ಕೆಜಿ ಡಬ್ಬಿಗೆ ತುಂಬಿ ಫ್ರಿಜ್‌ನಲ್ಲಿಟ್ಟರೆ ಸಾಕಾ? ಸರ್ಕಾರದವರು ಇಂಥದ್ದನ್ನು ತೆಗೆದುಕೊಂಡು ಇಡುತ್ತಾರಾ? ಯಾರಿಗಾದರೂ ಕೊಟ್ಟರೆ ನಾಳೆ ಅವರೇ ಇದು ನಮ್ಮ ತಳಿ ಅಂತ ಹಕ್ಕು ಹಾಕಿದರೆ?

ಕಣದ ಗುಂಡು:

ತಮ್ಮಾ, ನಾನು ಮಾಗಡಿ ಕಡೆಯವನು, 40 ವರ್ಷದಿಂದ ರಾಗಿ ಬೆಳೆಯುತ್ತಿದ್ದೇನೆ. ಒಕ್ಕಣೆ ಆಗಿಲ್ಲ ಅಂದೆಯಲ್ಲ, ನಿನ್ನ ಪುಣ್ಯ. ಒಕ್ಕಿದ ಮೇಲೆ ಕೇಳಿದ್ದರೆ ಅರ್ಧ ಕೆಲಸ ಕೆಟ್ಟಿರುತ್ತಿತ್ತು.

ಮೆದೆ ಬಿಚ್ಚುವ ದಿನ ಏನೇ ಆದರೂ ರಜೆ ಹಾಕಿ ಊರಿಗೆ ಹೋಗು. ಬೇರೆ ಬೇರೆ ಕಂತೆಯಿಂದ ಒಂದೊಂದು ಎರಡೆರಡು ತೆನೆ ಎತ್ತು. ಒಟ್ಟು 200 ತೆನೆಯಾದರೂ ಇರಲಿ. ದಪ್ಪ ತೆನೆ ಮಾತ್ರ ಆರಿಸೋಣ ಅಂತ ಎಲ್ಲರಿಗೂ ಆಸೆ ಆಗುತ್ತದೆ, ನನಗೂ ಆಗುತ್ತಿತ್ತು. ಹಾಗೆ ಮಾಡಬೇಡ. ಹತ್ತು ಇಪ್ಪತ್ತು ತೆನೆಯಿಂದ ಬೀಜ ಮಾಡಿದರೆ ಆ ಹತ್ತು ಇಪ್ಪತ್ತು ಗಿಡದ ಗುಣ ಮಾತ್ರ ಉಳಿಯುತ್ತದೆ, ಮಿಕ್ಕಿದ್ದು ಹೋಗುತ್ತದೆ. ರೋಗ ಬಿದ್ದದ್ದು, ಜೊಳ್ಳು, ಕಾಡಿಗೆ ರೋಗ ಹಿಡಿದದ್ದು ಬಿಟ್ಟು ಬಾಕಿ ಎಲ್ಲ ಥರದ್ದನ್ನೂ ತಗೋ.

ಆರಿಸಿದ ತೆನೆಯನ್ನು ಯಂತ್ರಕ್ಕೆ ಹಾಕಲೇಬೇಡ. ಇದನ್ನು ಒತ್ತಿ ಹೇಳುತ್ತೇನೆ. ಬಾಡಿಗೆ ಯಂತ್ರ ನಿಮ್ಮ ಕಣಕ್ಕೆ ಬರುವ ಮುಂಚೆ ಇನ್ನೊಬ್ಬರ ಕಣದಲ್ಲಿ ಓಡಿರುತ್ತದೆ. ಅವರ ರಾಗಿ ಅದರ ಸಂದಿಯಲ್ಲಿ ಕೂತಿರುತ್ತದೆ. ನಮ್ಮ ಕಡೆ ಎಷ್ಟೋ ಜನರ ಮನೆ ಬೀಜ ಹೀಗೇ ಬೆರಕೆ ಆಗಿ ಕೆಟ್ಟಿತು, ಅವರಿಗೆ ಗೊತ್ತೇ ಆಗಲಿಲ್ಲ. ಗೋಣಿಚೀಲದ ಮೇಲೆ ಹರವಿ ಕೋಲಿನಲ್ಲಿ ಬಡಿ, ಮೊರದಲ್ಲಿ ಕೇರಿಸು. ಅಜ್ಜಿ ಕೈಯಲ್ಲಿ ಕೇರಿಸಿದರೆ ಇನ್ನೂ ಒಳ್ಳೆಯದು.

ಚಾಪೆ ಮೇಲೆ ಎಳೆ ಬಿಸಿಲಿನಲ್ಲಿ ಎರಡು ಮೂರು ದಿನ ಒಣಗಿಸು. ಮಧ್ಯಾಹ್ನದ ಕಾದ ಸಿಮೆಂಟ್ ನೆಲ ಬೇಡ. ಬಾಯಿಗೆ ಹಾಕಿ ಕಡಿದರೆ ಕಟಕಟ ಅನ್ನಬೇಕು. ಬೇವಿನ ಸೊಪ್ಪು ಪೂರ್ತಿ ಒಣಗಿಸಿ ಮಡಕೆಯಲ್ಲಿ ಹಾಕಿ, ಬಾಯಿಗೆ ಬಟ್ಟೆ ಕಟ್ಟಿ ಮಣ್ಣು ಮೆತ್ತು. ರಾಗಿಗೆ ಹುಳ ಬೀಳುವುದು ಕಡಿಮೆ, ಅದಕ್ಕೇ ಹಿಂದೆ ನೆಲದೊಳಗೆ ತೋಡಿದ ಹಗೇವಿನಲ್ಲಿ ವರ್ಷಗಟ್ಟಲೆ ಇಡುತ್ತಿದ್ದರು. ಆದರೆ ಹಗೇವಿನದು ತಿನ್ನೋಕೆ. ಬಿತ್ತನೆಯದನ್ನು ಯಾವತ್ತೂ ಬೇರೆ ಇಡುತ್ತಿದ್ದರು.

ಆಮೇಲೆ ಮುಖ್ಯವಾದ ಮಾತು. ಮುಂದಿನ ವರ್ಷ ಒಂದು ಗುಂಟೆ ಬಿತ್ತು. ಒಂದೇ ಗುಂಟೆ. ಎಕರೆಗೆ 4 ಕೆಜಿ ಬೀಜ ಅಂದರೆ ಗುಂಟೆಗೆ 100 ಗ್ರಾಂ ಸಾಕು. ಮಳೆ ಚೆನ್ನಾಗಿ ಆದರೆ 20 ಕೆಜಿ ಬರುತ್ತದೆ. ಆ 20 ಕೆಜಿಯಲ್ಲಿ 5 ಎಕರೆ ಬಿತ್ತಬಹುದು. ಒಂದು ಗುಂಟೆ ಮಲಗಿದರೂ ನೀನೊಬ್ಬನೇ ಒಂದು ಭಾನುವಾರ ಕೊಯ್ಯಬಹುದು ಅಲ್ವಾ? ಅಪ್ಪನ ಮಂಡಿಗೂ ತೊಂದರೆ ಇಲ್ಲ.

ಹೊಸಕೋಟೆ ರೈತ:

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನಾನು ಬಿತ್ತುವುದು ಜಿಪಿಯು 28 ಅನ್ನುವ ಸುಧಾರಿತ ರಾಗಿ ತಳಿ. ಹತ್ತು ವರ್ಷಕ್ಕೂ ಮೇಲಾಯಿತು. ಅದಕ್ಕೂ ಮುಂಚೆ ನಮ್ಮ ಮನೆಯಲ್ಲೂ ನಾಟಿ ರಾಗಿಯೇ ಇತ್ತು. ಒಂದು ವರ್ಷ ಹಸ್ತ ಮಳೆಗೆ ಮೋಡ ಮುಚ್ಚಿಕೊಂಡು ಎಂಟು ದಿನ ಬಿಸಿಲೇ ಕಾಣಲಿಲ್ಲ. ಬೆಂಕಿ ರೋಗ ಬಂತು. ತೆನೆಯ ಕುತ್ತಿಗೆ ಕಪ್ಪಾಗಿ, ಮುಟ್ಟಿದರೆ ಬರೀ ಜೊಳ್ಳು. ಆ ವರ್ಷ ನಾವು ತಿನ್ನೋಕೂ ರಾಗಿ ಕೊಂಡೆವು. ಪಕ್ಕದ ಹೊಲದಲ್ಲಿ ಜಿಪಿಯು 28 ನಿಂತಿತ್ತು. ನಾನು ಬದಲಾಯಿಸಿದ್ದು ಆಗ.

ಹಳೇ ತಳಿ ಉಳಿಯಬೇಕು ಅನ್ನುವುದು ನನಗೂ ಇದೆ. ಆದರೆ ಅದರ ಭಾರ ಯಾರ ಮೇಲೆ ಬೀಳುತ್ತದೆ ನೋಡಿ. ಖರೀದಿ ಕೇಂದ್ರದಲ್ಲಿ ನಾಟಿ ರಾಗಿಗೂ ಅದೇ ಬೆಲೆ, ಗಿಡ್ಡ ರಾಗಿಗೂ ಅದೇ ಬೆಲೆ. 2024-25ಕ್ಕೆ ಬೆಂಬಲ ಬೆಲೆ ಕ್ವಿಂಟಾಲ್‌ಗೆ 4,290 ರೂಪಾಯಿ ಇತ್ತು. ನಾಲ್ಕು ಚೀಲ ಕಡಿಮೆ ಬಂದರೆ ಅದು ರೈತನ ಜೇಬಿನಿಂದಲೇ ಹೋಯಿತು. ಊರಲ್ಲಿ ಬೆವರು ಸುರಿಸುವವರಿಗೆ ಪೇಟೆಯಲ್ಲಿ ಕೂತವರು ತಳಿ ಉಳಿಸಿ ಅಂತ ಹೇಳುವುದನ್ನು ಕೇಳಿ ಕೇಳಿ ಸಾಕಾಗಿದೆ. ನಿಮ್ಮನ್ನು ಹೇಳುತ್ತಿಲ್ಲ, ನೀವು ಅಪ್ಪನ ಕಷ್ಟ ನೋಡಿಯೇ ಬರೆದಿದ್ದೀರಿ. ಮಾಗಡಿ ಅಣ್ಣ ಹೇಳಿದ ಹಾಗೆ ಒಂದು ಗುಂಟೆ ಸಾಕು. ಆ ಗುಂಟೆಯ ಉಳುಮೆ, ಕಳೆ, ಕೊಯ್ಲು ಎಲ್ಲದಕ್ಕೂ ದುಡ್ಡು ನೀವು ಕೊಡಿ. ಅಪ್ಪ ಉಳಿದ ಹೊಲಕ್ಕೆ ತಮಗೆ ಬೇಕಾದ್ದು ಬಿತ್ತಲಿ.

ಬೀಜದ ಡಬ್ಬಿ:

ನಾನು ಕೃಷಿ ಓದಿದವಳು, ಬೀಜದ ಕೆಲಸದಲ್ಲೇ ಇದ್ದೇನೆ. ನಿಮ್ಮ ಮೂರು ಪ್ರಶ್ನೆಗೂ ಉತ್ತರ ಕೊಡುತ್ತೇನೆ.

ಫ್ರಿಜ್‌ನಲ್ಲಿ ಇಡಬಹುದು. ಚೆನ್ನಾಗಿ ಒಣಗಿರಬೇಕು, ಗಾಳಿ ಆಡದ ಗಾಜಿನ ಬಾಟಲಿ ಇರಬೇಕು, ಹೊರಗೆ ತೆಗೆದಾಗ ಬಾಟಲಿ ತಣ್ಣಗಿರುವಾಗಲೇ ಮುಚ್ಚಳ ಬಿಚ್ಚಬಾರದು. ಬಿಚ್ಚಿದರೆ ಒಳಗೆ ಪಸೆ ಕೂರುತ್ತದೆ. ಬೀಜಕ್ಕೆ ಬಿಸಿಲಿಗಿಂತ ಪಸೆಯೇ ದೊಡ್ಡ ಶತ್ರು. ವರ್ಷಕ್ಕೊಂದು ಸಲ 100 ಕಾಳು ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ಎಷ್ಟು ಮೊಳಕೆ ಬಂತು ಅಂತ ನೋಡಿ. 80ಕ್ಕಿಂತ ಕಡಿಮೆ ಬಂದರೆ ತಡ ಮಾಡದೆ ಆ ವರ್ಷವೇ ಬಿತ್ತಿ ಹೊಸ ಬೀಜ ಮಾಡಿಕೊಳ್ಳಿ. ರಾಗಿಯಲ್ಲಿ ಒಂದು ಅನುಕೂಲ ಇದೆ. ಅದು ಹೆಚ್ಚಾಗಿ ತನ್ನ ಹೂವಿನಿಂದಲೇ ಕಾಳು ಕಟ್ಟುತ್ತದೆ, ಪಕ್ಕದ ಹೊಲದ ರಾಗಿ ಜೊತೆ ಬೆರೆಯುವುದು ತುಂಬಾ ಕಡಿಮೆ. ಮೂರು ನಾಲ್ಕು ಮೀಟರ್ ಅಂತರ ಬಿಟ್ಟರೆ ಸಾಕು. ಇದೇ ಮುಸುಕಿನ ಜೋಳ, ಸಜ್ಜೆ, ಕುಂಬಳ ಆಗಿದ್ದರೆ ಇಷ್ಟು ಸುಲಭ ಇರುತ್ತಿರಲಿಲ್ಲ.

ಸರ್ಕಾರ ಇಡುತ್ತದೆ. ದೆಹಲಿಯ ರಾಷ್ಟ್ರೀಯ ಜೀನ್ ಬ್ಯಾಂಕ್‌ನಲ್ಲಿ ಸೊನ್ನೆಗಿಂತ 18 ಡಿಗ್ರಿ ಕೆಳಗೆ 4 ಲಕ್ಷಕ್ಕೂ ಹೆಚ್ಚು ಮಾದರಿಗಳಿವೆ. ನಿಮಗೆ ಹತ್ತಿರದ್ದು ಬೆಂಗಳೂರಿನ ಜಿಕೆವಿಕೆ, ಅಂದರೆ ಕೃಷಿ ವಿಶ್ವವಿದ್ಯಾಲಯ. ಅಲ್ಲಿ ರಾಗಿ ತಳಿಗಳ ದೊಡ್ಡ ಸಂಗ್ರಹವೇ ಇದೆ, ಹೋಗಿ ಕೇಳಿ. ಆದರೆ ಬ್ಯಾಂಕ್‌ನಲ್ಲಿಟ್ಟ ಬೀಜ ಮಲಗಿರುತ್ತದೆ. ನಿಮ್ಮ ಹೊಲದಲ್ಲಿ ಇರುವುದು ಪ್ರತಿ ವರ್ಷ ನಿಮ್ಮ ಮಳೆ, ನಿಮ್ಮ ರೋಗ ನೋಡುತ್ತಾ ಬದಲಾಗುತ್ತಿರುತ್ತದೆ. ಎರಡೂ ಇರಲಿ, ಒಂದು ಹೋದರೆ ಇನ್ನೊಂದು ಇರುತ್ತದೆ.

ಹೊಸಕೋಟೆ ಅಣ್ಣನಿಗೆ ಒಂದು ಮಾತು. ಮಂಡ್ಯದ ವಿ.ಸಿ. ಫಾರ್ಮ್ ಅನ್ನುವ ಕೃಷಿ ಸಂಶೋಧನಾ ಕೇಂದ್ರದಲ್ಲಿದ್ದ ರಾಗಿ ವಿಜ್ಞಾನಿ ಲಕ್ಷ್ಮಣಯ್ಯ ಅವರು ಇಂಡಾಫ್ ರಾಗಿಗಳನ್ನು ತಂದದ್ದು ಹೇಗೆ ಹೇಳಿ? ನಮ್ಮ ರಾಗಿಯನ್ನು ಆಫ್ರಿಕಾದ ರಾಗಿ ಜೊತೆ ಕೂಡಿಸಿ. ರಾಗಿ ಹೂವು ಎಷ್ಟು ಚಿಕ್ಕದು ಅಂದರೆ ಅದನ್ನು ಕೂಡಿಸುವುದು ಅಷ್ಟು ಕಷ್ಟದ ಕೆಲಸ. ಯಾವ ಹೊಸ ತಳಿ ಆಗಬೇಕಾದರೂ ಯಾರೋ ರೈತರು ಉಳಿಸಿಕೊಂಡು ಬಂದ ಬೀಜ ಕೈಯಲ್ಲಿ ಇರಬೇಕು. ನಾಳೆ ಇನ್ನೊಂದು ರೋಗ ಬಂದಾಗ ಹುಡುಕಿಕೊಂಡು ಹೋಗುವುದು ತುರುವೇಕೆರೆಯ ಈ ಅಜ್ಜಿ ಮನೆಗೇ.

ಇನ್ನು ಹಕ್ಕಿನ ಮಾತು. 2001ರಲ್ಲಿ ಸಸ್ಯ ತಳಿ ಮತ್ತು ರೈತರ ಹಕ್ಕುಗಳ ಕಾಯ್ದೆ ಆಯಿತು. ಅದರ 39ನೇ ಸೆಕ್ಷನ್ ಪ್ರಕಾರ ರೈತರು ಬೀಜ ಎತ್ತಿಡಬಹುದು, ಬಿತ್ತಬಹುದು, ಬದಲಾಯಿಸಿಕೊಳ್ಳಬಹುದು, ಹಂಚಬಹುದು, ಮಾರಲೂಬಹುದು. ಹಕ್ಕು ಪಡೆದ ತಳಿಯನ್ನು ಬ್ರ್ಯಾಂಡ್ ಹಾಕಿ ಮಾರುವ ಹಾಗಿಲ್ಲ, ಅಷ್ಟೇ. ರೈತರ ತಳಿ ಅಂತ ನೀವೇ ನೋಂದಣಿ ಮಾಡಿಸಬಹುದು, ಶುಲ್ಕ ಇಲ್ಲ. ನೋಂದಣಿ ಮಾಡುವ ಪ್ರಾಧಿಕಾರದ ಶಾಖಾ ಕಚೇರಿ ಶಿವಮೊಗ್ಗದಲ್ಲಿ ಇದೆ. ಮೊದಲು ಒಂದು ಹೆಸರು ಬೇಕು, ಆಮೇಲೆ ಗಿಡಗಳೆಲ್ಲ ಹೆಚ್ಚುಕಮ್ಮಿ ಒಂದೇ ಥರ ಇರಬೇಕು, ಬೇರೆ ತಳಿಗಳಿಂದ ಗುರುತಿಸುವ ಹಾಗಿರಬೇಕು. ನಿಮ್ಮ ಪಂಚಾಯಿತಿಯಲ್ಲಿ ಜೀವವೈವಿಧ್ಯ ಸಮಿತಿ ಅಂತ ಇರಬೇಕು, ಅವರ ದಾಖಲೆ ಪುಸ್ತಕದಲ್ಲೂ ಬರೆಸಿ. ಯಾವ ಊರು, ಯಾರ ಮನೆ, ಎಷ್ಟು ವರ್ಷದಿಂದ ಅನ್ನುವುದು ಕಾಗದದ ಮೇಲೆ ಬಂದರೆ ಯಾರೂ ಸುಲಭಕ್ಕೆ ಹಕ್ಕು ಹಾಕುವುದಕ್ಕೆ ಆಗಲ್ಲ.

ಬೆರಕೆ ಸೊಪ್ಪು:

ಎಲ್ಲರೂ ಬೀಜದ ಬಗ್ಗೆ ಹೇಳಿದಿರಿ. ಅಜ್ಜಿ ಬಗ್ಗೆ ಯಾರೂ ಹೇಳಲಿಲ್ಲ. ಅವರಿಗೆ 86 ಅಂದಿರಿ. ರಾಗಿ ಬೀಜ ನಾಲ್ಕು ವರ್ಷ ಮಡಕೆಯಲ್ಲಿ ಕಾಯುತ್ತದೆ. ಅಜ್ಜಿ ತಲೆಯಲ್ಲಿ ಇರುವುದು ಕಾಯಲ್ಲ.

ನಾನು ಚನ್ನಪಟ್ಟಣದ ಕಡೆಯವಳು. ನಮ್ಮತ್ತೆ ಅಕ್ಕಡಿ ಸಾಲು ಬಿಡದೆ ರಾಗಿ ಬಿತ್ತಿದ್ದೇ ಇಲ್ಲ. ಇಷ್ಟು ಸಾಲು ರಾಗಿಗೆ ಒಂದು ಸಾಲು ಅವರೆ, ತೊಗರಿ, ಅಲಸಂದೆ, ಅಂಚಿಗೆ ಜೋಳ, ಹುಚ್ಚೆಳ್ಳು, ಅಲ್ಲಲ್ಲಿ ಸಾಸಿವೆ, ಹರಳು. ಜೋಳದ ಮೇಲೆ ಹಕ್ಕಿ ಕೂತು ಹುಳ ಹೆಕ್ಕುತ್ತಿತ್ತು, ಹುಚ್ಚೆಳ್ಳಿನ ಹಳದಿ ಹೂವಿಗೆ ಜೇನು ಬರುತ್ತಿತ್ತು. ಮಳೆ ಕೈಕೊಟ್ಟ ವರ್ಷವೂ ಏನಾದರೊಂದು ಮನೆಗೆ ಬರುತ್ತಿತ್ತು. ಆಮೇಲೆ ಹೊಲದಲ್ಲಿ ತಾವಾಗೇ ಹುಟ್ಟುವ ಸೊಪ್ಪು. ಅಣ್ಣೆ, ಕನ್ನೆ, ಗೋಣಿ, ಗಣಿಕೆ, ಕಿರಕಸಾಲೆ, ಹೊನಗೊನ್ನೆ. ಕಳೆ ಕೀಳುವವರೇ ಮಡಿಲಲ್ಲಿ ಬೆರಕೆ ಸೊಪ್ಪು ತಂದು ಬಸ್ಸಾರು ಮಾಡುತ್ತಿದ್ದರು. ಈಗ ಕಳೆನಾಶಕ ಹೊಡೆದ ಹೊಲದಲ್ಲಿ ಹುಡುಕಿದರೂ ಅಣ್ಣೆ ಸೊಪ್ಪು ಕಾಣಲ್ಲ. ನನ್ನ ಮಗಳಿಗೆ ಗಣಿಕೆ ಯಾವುದು ಅಂತಲೇ ಗೊತ್ತಿಲ್ಲ. ಅವಳನ್ನು ಅಂದು ಏನು ಮಾಡಲಿ, ನಾನು ತೋರಿಸಲೇ ಇಲ್ಲ.

ಅತ್ತೆ ಹೋಗಿ ಆರು ವರ್ಷ ಆಯಿತು. ಯಾವ ಮಳೆಗೆ ಅಕ್ಕಡಿಯ ಯಾವ ಕಾಳು ಹಾಕಬೇಕು ಅಂತ ಅವರು ಬೆರಳು ಮಡಿಸಿ ಎಣಿಸುತ್ತಿದ್ದರು. ನಾನು ಪಕ್ಕದಲ್ಲೇ ಕೂತು ಕಾಳು ಹಸನು ಮಾಡುತ್ತಿದ್ದೆ, ಬರೆದುಕೊಳ್ಳಬೇಕು ಅಂತ ಹೊಳೆಯಲಿಲ್ಲ. ನೀವು ಹಾಗೆ ಮಾಡಬೇಡಿ. ಫೋನ್ ಇದೆಯಲ್ಲ, ಅಜ್ಜಿ ಮುಂದೆ ಕೂತು ಮಾತಾಡಿಸಿ. ಈ ಬೀಜ ಮನೆಗೆ ಎಲ್ಲಿಂದ ಬಂತು, ಯಾವ ಮಣ್ಣಿಗೆ ಒಗ್ಗುತ್ತದೆ, ಯಾವ ಮಳೆಗೆ ಬಿತ್ತುತ್ತಿದ್ದರು, ಬಾಣಂತಿಗೆ ಕೊಡುತ್ತಿದ್ದರಾ, ಯಾವ ಕಾಳಿನ ಜೊತೆ ಹಾಕುತ್ತಿದ್ದರು, ಎಲ್ಲ ಕೇಳಿ. ಸಂದರ್ಶನ ಮಾಡುವ ಹಾಗೆ ಕೇಳಿದರೆ ಅವರು ಹೇಳಲ್ಲ. ತೆನೆ ಕೈಗೆ ಕೊಟ್ಟು ಕೇಳಿ, ತಾವಾಗಿ ಹೇಳುತ್ತಾರೆ.

ಗಜನಿ ಬದಿಯವಳು:

ಕುಮಟಾ ಕಡೆಯಿಂದ ಬರೀತಾ ಇದ್ದೇನೆ. ನಮ್ಮಲ್ಲಿ ರಾಗಿ ಇಲ್ಲ, ಆದರೆ ಇದೇ ಸಂಕಟ ಇದೆ. ಅಘನಾಶಿನಿ ಹೊಳೆ ಸಮುದ್ರ ಸೇರುವ ಕಡೆ ಗಜನಿ ಭೂಮಿ ಅಂತ ಇದೆ, ಉಪ್ಪುನೀರು ಬಂದುಹೋಗುವ ಗದ್ದೆ. ಅಲ್ಲಿ ಬೆಳೆಯುವುದು ಕಗ್ಗ ಭತ್ತ. ಉಪ್ಪು ತಡೆಯುತ್ತದೆ, ನೆರೆ ಬಂದು ನೀರಿನಲ್ಲಿ ಮುಳುಗಿದರೂ ಎದ್ದು ನಿಲ್ಲುತ್ತದೆ. ಗೊಬ್ಬರ ಬೇಡ, ಔಷಧ ಬೇಡ. ಮೊಳಕೆ ಬರಿಸಿದ ಬೀಜ ಎರಚಿದರೆ ಮುಗಿಯಿತು. ಕೊಯ್ಲಿಗೆ ತೆನೆ ಮಾತ್ರ ಕೊಯ್ದು ದಂಟು ಅಲ್ಲೇ ಬಿಡುತ್ತಾರೆ. ಅದು ಕೊಳೆತು ಸಿಗಡಿ ಮೀನಿಗೆ ಆಹಾರ ಆಗುತ್ತದೆ. ಕಗ್ಗದ ಅಕ್ಕಿ ಗಂಜಿಗೆ ಸಮ ಇಲ್ಲ, ಇದು ನನ್ನ ಬಾಯಿಯ ಮಾತು.

ನಾನು ಹೇಳಬೇಕು ಅಂತಿದ್ದದ್ದು ಏನೆಂದರೆ, ಕಗ್ಗ ಕಡಿಮೆ ಆದದ್ದು ಬೀಜ ಇಲ್ಲದೆ ಅಲ್ಲ. ಸಿಗಡಿ ಕೆರೆ ಬಂತು, ಒಡ್ಡು ಕಟ್ಟಿ ಕಾಯುವ ಕೆಲಸಕ್ಕೆ ಊರು ಒಟ್ಟಾಗಲಿಲ್ಲ, ಒಡ್ಡು ಒಡೆದ ಕಡೆ ಗದ್ದೆ ಪಾಳು ಬಿತ್ತು. ಬೀಜ ಯಾರ ಮನೆಯಲ್ಲೋ ಇದ್ದರೂ ಬಿತ್ತುವ ಜಾಗವೇ ಇಲ್ಲ. ಅದನ್ನು ಸಿಹಿನೀರಿನ ಗದ್ದೆಯಲ್ಲಿ ವರ್ಷಾನುಗಟ್ಟಲೆ ಬೆಳೆದರೆ ಏನಾಗುತ್ತದೆ? ಉಪ್ಪು ತಡೆಯದ ಗಿಡಗಳೂ ಅದರಲ್ಲಿ ಉಳಿದುಬಿಡುತ್ತವೆ, ಯಾಕೆಂದರೆ ಅಲ್ಲಿ ಅವನ್ನು ಸಾಯಿಸುವುದಕ್ಕೆ ಉಪ್ಪಿಲ್ಲ. ಆಮೇಲೆ ಅದು ಹೆಸರಿಗೆ ಮಾತ್ರ ಕಗ್ಗ. ಅದಕ್ಕೇ ಹೇಳಿದೆ, ನಿಮ್ಮ ಒಂದು ಗುಂಟೆ ನೀರಾವರಿ ತೋಟದ ಮೂಲೆಯಲ್ಲಿ ಬೇಡ. ಆ ರಾಗಿ ಇಷ್ಟು ವರ್ಷ ಯಾವ ಹೊಲದಲ್ಲಿ ಮಳೆ ಕಾಯುತ್ತಾ ನಿಂತಿತ್ತೋ ಅಲ್ಲೇ ಹಾಕಿ.

ಜಾಗ ಇಲ್ಲ ಅನ್ನುವವರಿಗೆ ಇನ್ನೊಂದು. ಕಾಸರಗೋಡಿನ ಸತ್ಯನಾರಾಯಣ ಬೇಲೇರಿ ಅವರು ಗ್ರೋ ಬ್ಯಾಗ್‌ಗಳಲ್ಲಿ ಭತ್ತ ಬೆಳೆದು 650ಕ್ಕೂ ಹೆಚ್ಚು ತಳಿ ಉಳಿಸಿದ್ದಾರೆ, 2024ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅಷ್ಟು ತಳಿಗೆ ಚೀಲವೇ ದಾರಿ ಇರಬಹುದು. ನಿಮ್ಮದು ಒಂದೇ ತಳಿ, ಹೊಲವೂ ಇದೆ.

ತುರುವೇಕೆರೆ ಮಗ:

ಎಲ್ಲರಿಗೂ ಕೈ ಮುಗಿಯುತ್ತೇನೆ. ಹಬ್ಬ ಮುಗಿಸಿ ಒಕ್ಕಣೆಗೆ ಊರಲ್ಲೇ ಇದ್ದೆ, ನಿನ್ನೆ ರಾತ್ರಿ ಬಂದೆ.

ಮಾಗಡಿ ಅಣ್ಣ ಹೇಳಿದ ಹಾಗೆ ಕಂತೆ ಕಂತೆಯಿಂದ ತೆನೆ ಆರಿಸಿದೆ. ಚನ್ನಪಟ್ಟಣದ ಅಕ್ಕ ಹೇಳಿದ ಹಾಗೆ ಅಜ್ಜಿ ಕೈಗೆ ಕೊಟ್ಟೆ. ಅವರು ಒಂದೊಂದೇ ತೆನೆ ತಿರುಗಿಸಿ ನೋಡಿ ಎರಡು ಗುಡ್ಡೆ ಮಾಡಲು ಶುರು ಮಾಡಿದರು. ನನಗೆ ಮೊದಲು ಅರ್ಥ ಆಗಲಿಲ್ಲ. ಒಂದರಲ್ಲಿ ಇಲುಕುಗಳು, ಅಂದರೆ ತೆನೆಯ ಬೆರಳುಗಳು, ಪೂರ್ತಿ ಮುಚ್ಚಿಕೊಂಡು ಉಂಡೆ ಆಗಿವೆ. ಇನ್ನೊಂದರಲ್ಲಿ ತುದಿ ಮಾತ್ರ ಬಾಗಿದೆ, ಕಾಳು ಸ್ವಲ್ಪ ಕಪ್ಪು. ನಾನು ಹುಟ್ಟಿದಾಗಿನಿಂದ ನೋಡುತ್ತಿರುವ ರಾಗಿ, ಅದರಲ್ಲಿ ಎರಡು ಇದೆ ಅಂತ ನನಗೆ ಗೊತ್ತಿರಲಿಲ್ಲ. ಅಪ್ಪನಿಗೂ ಗೊತ್ತಿರಲಿಲ್ಲ!

ಬೆರಕೆ ಆಗಿಬಿಟ್ಟಿದೆಯಾ ಅಜ್ಜಿ ಅಂತ ಕೇಳಿದೆ. "ಬೆರಕೆ ಆಗಿಲ್ಲ ಕಣಪ್ಪ, ಬೆರೆಸಿದ್ದು" ಅಂದರು. ಉಂಡೆಯದು ಈ ಮನೆಯಲ್ಲಿ ಮೊದಲಿಂದ ಇದ್ದದ್ದಂತೆ. ಕರಿಯದನ್ನು ಅವರ ಅಕ್ಕನ ಮನೆಯಿಂದ ಹುರುಳಿ ಕೊಟ್ಟು ತಂದರಂತೆ, ಒಂದು ಬರಗಾಲದ ವರ್ಷ. ಅದು ಎಂಟು ದಿನ ಮುಂಚೆ ಕಾಳು ಕಟ್ಟುತ್ತದೆ. ಮಳೆ ಬೇಗ ನಿಂತರೆ ಕರಿಯದು ಕೈ ಹಿಡಿಯಲಿ, ಕೊನೆವರೆಗೂ ಬಂದರೆ ಉಂಡೆಯದು ತೂಕ ಕೊಡಲಿ ಅಂತ ಎರಡನ್ನೂ ಸೇರಿಸಿ ಬಿತ್ತುತ್ತಿದ್ದರಂತೆ. ಉಂಡೆ ಎರಡು ಪಾಲು, ಕರಿ ಒಂದು ಪಾಲು. ಬೀಜ ಎತ್ತಿಡುವಾಗ ಅಜ್ಜಿಯೇ ಆ ಲೆಕ್ಕ ನೋಡಿ ಎತ್ತಿಡುತ್ತಿದ್ದರು. ಅವರ ಕಣ್ಣು ಮಂಜಾದ ಮೇಲೆ ಯಾರೂ ನೋಡಿಲ್ಲ. ಈಗ ಆರಿಸಿದ ತೆನೆಗಳಲ್ಲಿ ಕರಿಯದು ಹತ್ತಕ್ಕೆ ಒಂದೂ ಇಲ್ಲ. ಈ ಸಲ ಇಷ್ಟು ಮಲಗಿದ್ದೂ ಅದಕ್ಕೇ ಇರಬಹುದು ಅಂತ ಅಜ್ಜಿ ಹೇಳಿದರು, ಕರಿಯದರ ದಂಟು ಗಟ್ಟಿಯಂತೆ.

ನಾನು ಎಲ್ಲ ಫೋನ್‌ನಲ್ಲಿ ಹಿಡಿದುಕೊಂಡಿದ್ದೇನೆ, ಒಂದು ಗಂಟೆ ಹತ್ತು ನಿಮಿಷ ಇದೆ. ಅಪ್ಪ ಪಕ್ಕದಲ್ಲಿ ನಿಂತು ಕೇಳಿಸಿಕೊಂಡರು. ಕೊನೆಗೆ "ಒಂದು ಗುಂಟೆ ಯಾಕೆ, ಬೇವಿನ ಮರದ ಕೆಳಗಿನ ತಾಕು ಪೂರ್ತಿ ತಗೋ" ಅಂದರು. ಅದು ಐದು ಗುಂಟೆ ಇದೆ. ಉಳಿದದ್ದಕ್ಕೆ ಗಿಡ್ಡ ರಾಗಿಯೇ. ಕೂಲಿ ದುಡ್ಡು ನಾನೇ ಕೊಡುತ್ತೇನೆ ಹೊಸಕೋಟೆ ಅಣ್ಣ.

ಈಗ ಒಂದು ಗೊಂದಲ. ನೋಂದಣಿಗೆ ಗಿಡಗಳೆಲ್ಲ ಒಂದೇ ಥರ ಇರಬೇಕು ಅಂದಿರಿ. ಹಾಗಾದರೆ ಎರಡನ್ನೂ ಬಿಡಿಸಿ ಬೆಳೆಯಬೇಕಾ? ಬಿಡಿಸಿದರೆ ಅಜ್ಜಿ ಮಾಡಿದ್ದು ಹೋಗುತ್ತದಲ್ಲ?

ಬೀಜದ ಡಬ್ಬಿ:

ಓದಿ ತುಂಬಾ ಹೊತ್ತು ಸುಮ್ನೆ ಕೂತಿದ್ದೆ. ಒಂದೇ ಥರ ಇರಬೇಕು ಅಂತ ನಾನು ಹೇಳಿದ್ದು ಕಾನೂನಿನ ಕಣ್ಣಿಂದ, ನಿಮ್ಮಜ್ಜಿ ಹೊಲದ ಕಣ್ಣಿಂದ ನೋಡಿದ್ದಾರೆ. ಎರಡನ್ನೂ ಮಾಡಿ. ಒಂದು ಗುಂಟೆ ಉಂಡೆಯದು ಮಾತ್ರ, ಮೂರು ನಾಲ್ಕು ಮೀಟರ್ ಬಿಟ್ಟು ಒಂದು ಗುಂಟೆ ಕರಿಯದು ಮಾತ್ರ. ನೋಂದಣಿಗೂ ಜಿಕೆವಿಕೆಗೂ ಇಲ್ಲಿಂದ ಬೇರೆ ಬೇರೆ ಹೆಸರಲ್ಲಿ ಕೊಡಿ. ಉಳಿದ ಮೂರು ಗುಂಟೆಗೆ ಅಜ್ಜಿ ಹೇಳಿದ ಲೆಕ್ಕದಲ್ಲೇ ಎರಡು ಪಾಲು ಒಂದು ಪಾಲು ಬೆರೆಸಿ ಬಿತ್ತಿ. ಆ ಲೆಕ್ಕವನ್ನೂ ಜೀವವೈವಿಧ್ಯ ದಾಖಲೆಯಲ್ಲಿ ಬರೆಸಿ, ಅಜ್ಜಿಯ ಹೆಸರಿನಲ್ಲಿ.

ಕಣದ ಗುಂಡು:

ನಾನು 200 ತೆನೆ ಎತ್ತು ಅಂದಿದ್ದೆ. ಕರಿಯದು ಅಷ್ಟು ಕಡಿಮೆ ಇದೆ ಅಂದರೆ ಅದಕ್ಕೆ ಆ ಲೆಕ್ಕ ಸಾಲದು. ಸಿಕ್ಕಿದ ಕರಿ ತೆನೆ ಒಂದನ್ನೂ ಬಿಡಬೇಡ, ಸಣ್ಣದಾದರೂ ಇರಲಿ, ಎಲ್ಲ ಬೀಜಕ್ಕೇ ಇಡು. ಮೊದಲನೇ ವರ್ಷ ಅದನ್ನು ಕೂರಿಗೆಯಲ್ಲಿ ಬಿತ್ತಬೇಡ. ಒಟ್ಲಲ್ಲಿ ಸಸಿ ಮಾಡಿ, ಪೈರು ಕಿತ್ತು ನಾಟಿ ಮಾಡು. ಬೀಜ ಅರ್ಧಕ್ಕರ್ಧ ಉಳಿಯುತ್ತದೆ, ಒಂದೊಂದು ಗಿಡವೂ ಬುಡದಲ್ಲಿ ಕವಲೊಡೆದು ಚೆನ್ನಾಗಿ ತೆಂಡೆ ಹೊಡೆಯುತ್ತದೆ.

ಅಜ್ಜಿಯನ್ನು ಇನ್ನೊಂದು ಮಾತು ಕೇಳಿ ಇಲ್ಲಿ ಬರೆ. ಯಾವ ಮಳೆಗೆ ಬಿತ್ತುತ್ತಿದ್ದರು, ಪುನರ್ವಸು ಕಾಯುತ್ತಿದ್ದರಾ, ಪುಷ್ಯದವರೆಗೂ ಬಿಡುತ್ತಿದ್ದರಾ? ನಮ್ಮ ತಾಯಿ ಹತ್ತಿರವೂ ಒಂದು ಕರಿ ಕಾಳಿನ ರಾಗಿ ಇತ್ತು, ನಾನು ಹುಡುಗನಾಗಿದ್ದಾಗಲೇ ಹೋಯಿತು. ಅದೇನಾ ಅಂತ ತೆನೆ ನೋಡಿದರೆ ನನಗೆ ಗುರುತು ಸಿಗುತ್ತದೆ. ಮುಂದಿನ ಸುಗ್ಗಿಗೆ ನಿಮ್ಮ ಐದು ಗುಂಟೆ ಕೊಯ್ಯುವ ದಿನ ಹೇಳು, ಕುಡುಗೋಲು ಹಿಡಿದುಕೊಂಡೇ ಬರುತ್ತೇನೆ.